ಗೌಡರು ಬಟನ್ ಬಿಡಲಿಲ್ಲ

ವಿಮಾನದ ರೇಡಿಯೊ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಒಮ್ಮೊಮ್ಮೆ ಕೂಡ್ಲಿಗಿಯ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಬಂದವರು ಮೊದಲು ಕೇಳುವುದು, ನಾನು ಯಾವ ಹುದ್ದೆಯಲ್ಲಿದ್ದು ನಿವೃತ್ತನಾದೆ ಎಂದು. ಆ ಕಥೆ ಶುರು ಮಾಡಿದರೆ ನನ್ನ ಹೆಂಡತಿಯೇ ಎದ್ದು ಒಳಗೆ ಹೋಗುತ್ತಾಳೆ. ಆದ್ದರಿಂದ ಅದು ಹಾಗಿರಲಿ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕದೊಂದು ರೇಡಿಯೊವನ್ನು ಅಷ್ಟೇನೂ ದೊಡ್ಡದಲ್ಲದ ಒಂದು ವಿಮಾನಕ್ಕೆ ಜೋಡಿಸಲು ಹೋಗಿ ನಾವೆಲ್ಲ ಬಿದ್ದ ಪಾಡನ್ನು ಹೇಳುತ್ತೇನೆ. ಇದರಲ್ಲಿ ನಿಮಗೆ ಪಾಠವೂ ಸಿಕ್ಕೀತು. ನನಗಂತೂ ನೆನಪಾದಾಗಲೆಲ್ಲ ಮೊದಲು ನಗು ಬರುತ್ತದೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಮ್ಮ ಕಂಪನಿಯ ಕೆಲಸ ಮೇಲಿನಿಂದ ನೆಲದ ಫೋಟೋ ತೆಗೆದು ನಕ್ಷೆ ಮಾಡಿಕೊಡುವುದು. ಇದ್ದದ್ದು ನಾಲ್ಕು ಸೀಟಿನ ಒಂದೇ ಒಂದು ವಿಮಾನ. ಅದು ಏರಲು ಇಳಿಯಲು ಕೊಟ್ಟೂರಿನ ಹೊರಗೆ ಪಂಪನಗೌಡರ ಬೀಳು ಹೊಲವನ್ನು ಬಾಡಿಗೆಗೆ ಹಿಡಿದು, ರೋಲರ್ ಓಡಿಸಿ, ಕೆಂಪು ಮಣ್ಣಿನ ಪಟ್ಟಿಯೊಂದನ್ನು ಮಾಡಿದ್ದರು. ಪಟ್ಟಿಯ ಒಂದು ಬದಿಗೆ ಸಾಲಾಗಿ ಜಾಲಿಗಿಡ, ಇನ್ನೊಂದು ಬದಿಗೆ ಗೌಡರದೇ ಶೇಂಗಾ ಹೊಲ. ಒಂದು ತಗಡಿನ ಶೆಡ್ಡು. ಇಷ್ಟನ್ನೇ ನಾವು ಎದೆಯುಬ್ಬಿಸಿ ಏರೋಡ್ರೋಮ್ ಎನ್ನುತ್ತಿದ್ದೆವು. ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಏರೋಡ್ರೋಮ್ ಎಂದರೆ ಆಟೋದವರಿಗೆ ಗೊತ್ತಾಗುತ್ತಿರಲಿಲ್ಲ, ಗೌಡರ ಬೀಳು ಎನ್ನಬೇಕಿತ್ತು.

ನಮ್ಮ ಮುಖ್ಯ ಎಂಜಿನಿಯರ್ ಹಾಲಪ್ಪ ಸಾರ್, ಹರಪನಹಳ್ಳಿ ಕಡೆ ನೀಲಗುಂದದವರು. ಮಿಲಿಟರಿ ವಿಮಾನಗಳ ಕೆಲಸ ಮಾಡಿ ಬಂದಿದ್ದರು. ಬೈಗುಳವಿಲ್ಲದೆ ಅವರ ಬಾಯಿಂದ ಗುಡ್ ಮಾರ್ನಿಂಗ್ ಕೂಡ ಹೊರಡುತ್ತಿರಲಿಲ್ಲ. ದೇವರ ವಿಷಯದಲ್ಲಿ ಮಾತ್ರ ಬೈಗುಳ ಎರಡು ಪಟ್ಟು. ಅಡುಗೆಯ ಗಂಗವ್ವ ಒಂದು ಸಲ ವಿಮಾನದ ಮುಂದಿನ ಗಾಲಿಗೆ ನಿಂಬೆಹಣ್ಣು ಇಟ್ಟಿದ್ದಕ್ಕೆ, "ನಟ್ಟು ಬಿಗಿ ಇದ್ರೆ ದೇವ್ರು ಯಾಕೆ ಬೇಕು? ಲೂಸ್ ಇದ್ರೆ ದೇವ್ರು ಬಂದು ಏನ್ ಮಾಡ್ತಾನೆ? ತಗದು ಉಪ್ಪಿನಕಾಯಿ ಹಾಕು!" ಎಂದು ಶೆಡ್ಡು ಹಾರಿಹೋಗುವಂತೆ ಕೂಗಾಡಿದ್ದರು. ಗಂಗವ್ವ ಹಡಗಲಿಯವಳು. ಮುಡಿ ತುಂಬ ಮಲ್ಲಿಗೆ, ಬಾಯಿ ತುಂಬ ಉತ್ತರ. ಆವತ್ತು ಅವಳು ನಿಜವಾಗಿಯೂ ಉಪ್ಪಿನಕಾಯಿ ಹಾಕಿ ಅವರ ತಟ್ಟೆಗೇ ಬಡಿಸಿದಳು.

ವಿಮಾನ ಹಾರಿಸುತ್ತಿದ್ದವರು ಕ್ಯಾಪ್ಟನ್ ಸುಮಿತ್ರಾ, ಮೈಸೂರಿನವರು. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ವಿಮಾನದಿಂದ ಒಬ್ಬ ಹೆಂಗಸು ಇಳಿದದ್ದನ್ನು ನೋಡಿದ ಮೊದಲ ದಿನ ಗೌಡರು ಕ್ಯಾಪ್ಟನ್ ಇನ್ನೂ ಒಳಗಿದ್ದಾರೆಂದು ಬಹಳ ಹೊತ್ತು ಕಾದು ನಿಂತಿದ್ದರು. ಆಮೇಲೆ ಅವರಿಗೆ ಮೇಡಂ ಮೇಲೆ ಎಷ್ಟು ಗೌರವ ಬಂತೆಂದರೆ, ಅದೇ ಮುಂದೆ ನಮ್ಮ ಕುತ್ತಿಗೆಗೆ ಬಂತು.

ನಾನು ಕೊಟ್ರೇಶ, ರೇಡಿಯೊ ಮೆಕ್ಯಾನಿಕ್. ಕೂಡ್ಲಿಗಿಯಲ್ಲಿ ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದವನು ಕಲಿತು, ಪರೀಕ್ಷೆ ಕಟ್ಟಿ, ಬೆಸುಗೆ ಕಡ್ಡಿಯ ಸಮೇತ ವಿಮಾನದ ಬಳಿಗೆ ಬಂದಿದ್ದೆ. ಬಳಿಗೆ ಎಂದೆ, ಒಳಗೆ ಕೂತು ಹಾರಿರಲಿಲ್ಲ. ಮರ ಹತ್ತಿದರೂ ತಲೆ ಸುತ್ತುವ ಜಾತಿ ನನ್ನದು.

ಈಗ ಕೆಲಸದ ವಿಷಯ. ವಿಮಾನದಲ್ಲಿ ಮುಂಭಾಗದ ಹಲಗೆಯೊಳಗೆ ಒಂದು ದೊಡ್ಡ ರೇಡಿಯೊ ಇರುತ್ತದೆ. ಅದು ಕೆಟ್ಟರೆ ಇರಲಿ ಎಂದು ಕೈರೇಡಿಯೊ ಒಂದನ್ನು ಚೀಲದಲ್ಲಿ ಇಟ್ಟುಕೊಂಡಿರುತ್ತಾರೆ. ಬಹಳ ಜನ ಇಷ್ಟಕ್ಕೇ ನಿಶ್ಚಿಂತರಾಗುತ್ತಾರೆ. ಆದರೆ ವಿಮಾನದ ಮೈ ತಗಡು. ಒಳಗೆ ಕೂತು ಕೈರೇಡಿಯೊದ ಮೊಂಡು ಆಂಟೆನಾದಿಂದ ಮಾತಾಡುವುದೆಂದರೆ ಮುಚ್ಚಿದ ಟ್ರಂಕಿನೊಳಗೆ ಕೂತು ಕೂಗಿದ ಹಾಗೆ. ಹತ್ತಿರದವರಿಗೆ ಗೊಣಗು ಕೇಳಿಸುತ್ತದೆ, ದೂರದವರಿಗೆ ಅದೂ ಇಲ್ಲ. ಎಂಜಿನ್ನಿನ ಸದ್ದಿನಲ್ಲಿ ಅದರ ಪುಟ್ಟ ಸ್ಪೀಕರು ನಮ್ಮ ಕಿವಿಗೂ ಸಾಲದು. ನನ್ನ ಯೋಚನೆ ಸರಳವಾಗಿತ್ತು. ದೊಡ್ಡ ರೇಡಿಯೊದಿಂದ ತಲೆಯ ಮೇಲಿನ ಆಂಟೆನಾಕ್ಕೆ ಹೋಗುವ ವೈರಿನ ನಡುವೆ, ಕೈಗೆ ಎಟಕುವ ಕಡೆ, ಒಂದು ಜೋಡಣೆ ಇಡುವುದು. ದೊಡ್ಡದು ಸತ್ತರೆ ಅದರ ತುದಿ ಬಿಚ್ಚಿ, ಕೈರೇಡಿಯೊದ ತುದಿ ಸಿಕ್ಕಿಸುವುದು. ಕಿವಿಗೆ ಹಾಕುವ ಇಬ್ಬರ ಹೆಡ್‌ಸೆಟ್ಟನ್ನೂ ಅದಕ್ಕೆ ಕೂಡಿಸಲು ಇನ್ನೊಂದು ತುಂಡು ವೈರು. ಅಷ್ಟೇ.

ಹಾಲಪ್ಪ ಸಾರ್ ಕುದ್ದು ಹೋದರು. "ಚೆನ್ನಾಗಿರೋ ಆಂಟೆನಾ ವೈರ್ ಕತ್ತರಿಸಿ ನಡುವೆ ಗಂಟು ಹಾಕ್ತೀಯೇನಲೇ? ಒಂದೊಂದು ಜೋಡಣೇನೂ ಒಂದೊಂದು ರೋಗ! ನಾಳೆ ಅದು ಲೂಸಾಗಿ ದೊಡ್ಡ ರೇಡಿಯೊನೂ ಹಾಳು, ನಿನ್ನ ಆಟಿಕೆನೂ ಹಾಳು."

ಮಾತು ಸುಳ್ಳಲ್ಲ, ಹೊಸಬರು ಇದನ್ನೂ ನೆನಪಿಡಬೇಕು. ಜೋಡಣೆ ಹೆಚ್ಚಾದಷ್ಟೂ ಕೆಡುವ ಜಾಗ ಹೆಚ್ಚು. ಆದರೆ ಮೇಡಂ ನನ್ನ ಕಡೆ ನಿಂತರು. "ಮೇಲೆ ಇರೋಳು ನಾನು ಸಾರ್. ಆಟಿಕೆ ಆದರೂ ಪರವಾಗಿಲ್ಲ, ಮಾತಾಡೋ ಆಟಿಕೆ ಬೇಕು" ಎಂದರು. ಹಾಲಪ್ಪ ಸಾರ್ ಕೊನೆಗೆ ಒಪ್ಪಿದರು, ಎರಡು ಷರತ್ತು ಹಾಕಿ. ಒಂದು, ಪರೀಕ್ಷೆಗೆ ವಿಮಾನ ಮೇಲೆ ಹೋಗುವಾಗ ವೈರು ಕಟ್ಟಿದವನೇ ಪಕ್ಕದ ಸೀಟಿನಲ್ಲಿ ಕೂರಬೇಕು. ಎರಡು, ಮೇಲಿನಿಂದ ಕೈರೇಡಿಯೊದ ಮಾತು ಕೆಳಗೆ ಚೊಕ್ಕವಾಗಿ ಕೇಳದಿದ್ದರೆ ವೈರು ಕಿತ್ತು ಬಿಸಾಕುವುದು, ನನ್ನನ್ನು ಬೆಂಗಳೂರಿನ ಗೋದಾಮಿಗೆ ಕಳಿಸುವುದು. ಗೋದಾಮೆಂದರೆ ಹಳೇ ಸಾಮಾನಿನ ಧೂಳು ಒರೆಸುವ ಕೆಲಸ. ಅಲ್ಲಿಗೆ ಹೋದವರು ತಿರುಗಿ ವಿಮಾನದ ಕೆಲಸಕ್ಕೆ ಬಂದದ್ದನ್ನು ಯಾರೂ ನೋಡಿರಲಿಲ್ಲ. ನನಗೆ ಎರಡು ಹೆದರಿಕೆ ಒಟ್ಟಿಗೇ ಹತ್ತಿಕೊಂಡವು. ಮೇಲೆ ಹೋಗುವ ಹೆದರಿಕೆ, ಹೋಗಿ ಬಂದ ಮೇಲೆ ಗೋದಾಮಿಗೆ ಹೋಗುವ ಹೆದರಿಕೆ.

ನೆಲದ ಮೇಲೆ ಕೂತು ಜೋಡಿಸಿ ಬಿಚ್ಚಿ ಅಭ್ಯಾಸ ಮಾಡಿದೆವು. ಮೊದಲ ಅವಾಂತರ ಹೆಡ್‌ಸೆಟ್ಟಿನದು. ಅದಕ್ಕೆ ಎರಡು ಪಿನ್ನು, ಕೇಳಲು ಒಂದು, ಮಾತಾಡಲು ಒಂದು. ದಪ್ಪದಲ್ಲಿ ಕೂದಲೆಳೆಯಷ್ಟು ಫರಕು. ದಪ್ಪನೆಯದು ಸಣ್ಣ ತೂತಿಗೆ ಹೋಗುವುದಿಲ್ಲ, ಆದರೆ ಸಣ್ಣದು ದಪ್ಪ ತೂತಿಗೆ ಸಲೀಸಾಗಿ ಹೋಗಿ, ಬೀಗರ ಮನೆಯಲ್ಲಿ ಕೂತ ಹಾಗೆ ಸುಮ್ಮನೆ ಕೂತುಬಿಡುತ್ತದೆ. ಮೇಡಂ ಅವಸರದಲ್ಲಿ ಹಾಗೆ ಚುಚ್ಚಿಕೊಂಡು ಕೇಳಿಸುತ್ತಿಲ್ಲ ಎಂದು ಕೂಗುತ್ತಿದ್ದರು, ನಾನು ರೇಡಿಯೊ ಬಿಚ್ಚಿ ಕೂತಿದ್ದೆ. ಅರ್ಧ ದಿನ ಹೋಯಿತು. ಕೊನೆಗೆ ಗಂಗವ್ವನ ಮಲ್ಲಿಗೆ ಮಾಲೆಯ ಬಾಳೆನಾರು ಇಸಕೊಂಡು ಸಣ್ಣ ಪಿನ್ನಿಗೂ ಅದರ ತೂತಿಗೂ ಗುರುತು ಕಟ್ಟಿದೆ. ನಾರು ಒಣಗಿ ಉದುರಿದ ಮೇಲೆ ಬಣ್ಣದ ಟೇಪು ಸುತ್ತಿದೆ. ನೀವು ಮೊದಲೇ ಟೇಪು ಸುತ್ತಿ.

ಎರಡನೆಯದು ಬ್ಯಾಟರಿಯದು. ಕೈರೇಡಿಯೊ ಸಿಕ್ಕಿದ್ದೇ ತಡ, ಶೆಡ್ಡಿನವರಿಗೆಲ್ಲ ಅದರ ಮೇಲೆ ಪ್ರೀತಿ ಹುಟ್ಟಿತು. ವಿಮಾನದ ಕೈರೇಡಿಯೊ ಒಂದು, ನೆಲದ ಮೇಲೆ ಅದೇ ಜಾತಿಯದು ಇನ್ನೊಂದು. ಇಷ್ಟು ಸಾಕಿತ್ತು. ಪಟ್ಟಿಯ ಆ ತುದಿಯಲ್ಲಿ ಕೆಲಸ ಮಾಡುವವರು ಈ ತುದಿಯ ಗಂಗವ್ವನಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಹೇಳುವುದು, ಅವಳು ಅಲ್ಲಿಂದಲೇ ಖಾರ ಎಷ್ಟು ಎಂದು ಕೇಳುವುದು. ಕೆಲಸದ ದಿನ ಬ್ಯಾಟರಿ ನೋಡಿದರೆ ತಣ್ಣಗೆ ಸತ್ತಿತ್ತು. ಹಾಲಪ್ಪ ಸಾರ್ ಮಿರ್ಚಿಯ ತಟ್ಟೆಯನ್ನು ಒಂದು ಕೈಯಲ್ಲಿ, ಸತ್ತ ರೇಡಿಯೊವನ್ನು ಇನ್ನೊಂದು ಕೈಯಲ್ಲಿ ಹಿಡಿದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೈದರು, ಬೈಯುತ್ತಲೇ ಮಿರ್ಚಿ ತಿಂದರು. ಆಮೇಲೆ ಹಗರಿಬೊಮ್ಮನಹಳ್ಳಿಯಿಂದ ಪೆನ್ಸಿಲ್ ಸೆಲ್ಲು ತರಿಸಿ, ಅವನ್ನು ಹಾಕುವ ಬೇರೆ ಡಬ್ಬಿಯನ್ನೂ ಚೀಲದಲ್ಲಿಟ್ಟು, ವಿಮಾನದ ರೇಡಿಯೊವನ್ನು ಯಾರೂ ಮುಟ್ಟಬಾರದೆಂದು ನಿಯಮ ಮಾಡಿದರು.

ಮೂರನೆಯದು ಯಂತ್ರದ ತೊಂದರೆ ಅಲ್ಲ, ಮರ್ಯಾದೆಯ ತೊಂದರೆ. ನೆಲದ ರೇಡಿಯೊ ಹಿಡಿಯುವ ಕೆಲಸ ಪಂಪನಗೌಡರದು. ಪಟ್ಟಿಯ ಮೇಲೆ ಕುರಿ ಬಂತೋ ನಾಯಿ ಬಂತೋ ಎಂದು ಅವರಷ್ಟು ದೂರದಿಂದ ಗುರುತಿಸುವವರು ಇನ್ನೊಬ್ಬರಿರಲಿಲ್ಲ. ಶೆಡ್ಡಿನ ಮೇಲೆ ಗಳ ನೆಟ್ಟು ಆಂಟೆನಾ ಕಟ್ಟಿದ್ದೆ, ಅದರ ವೈರು ಗೌಡರ ಕೈಯ ರೇಡಿಯೊಕ್ಕೆ. ಮಾತಾಡುವಾಗ ಬಟನ್ ಒತ್ತಬೇಕು, ಕೇಳುವಾಗ ಬಿಡಬೇಕು. ಗೌಡರು ಒತ್ತುತ್ತಿದ್ದರು, ಬಿಡುತ್ತಿರಲಿಲ್ಲ. ಅವರು ಬಟನ್ ಒತ್ತಿರುವಷ್ಟು ಹೊತ್ತು ಎದುರಿನವರ ಮಾತು ಅವರಿಗೆ ಕೇಳುವುದಿಲ್ಲ, ಆದರೆ ಅವರ ಸುತ್ತಲಿನ ಸದ್ದೆಲ್ಲ ಎದುರಿನವರಿಗೆ ಕೇಳುತ್ತದೆ. ಮೇಡಂ ವಿಮಾನದಿಂದ ಇಳಿದು ಬಂದು, "ಗೌಡ್ರೇ, ನೀವು ಎಲೆ ಅಡಿಕೆ ಅಗಿದದ್ದು ಕೇಳಿಸಿತು, ಕುರಿ ಇದೆಯಾ ಇಲ್ಲವಾ ಅನ್ನೋದೊಂದು ಕೇಳಿಸಲಿಲ್ಲ" ಎಂದು ನಗುತ್ತಿದ್ದರು.

"ಬಟನ್ ಬಿಡ್ರಿ ಗೌಡ್ರ" ಎಂದು ನಾನು ಕೇಳಿಕೊಂಡೆ.

"ಹೆಂಗ ಬಿಡೂದೋ ಕೊಟ್ರೇಶಿ? ಅವ್ರು ಬರ್ತೀನಿ ಅನ್ನಾಕ ಬೇಕಲ್ಲ. ದೊಡ್ಡವ್ರು, ಹೆಣಮಗಳು, ನಮ್ಮ ಹೊಲಕ್ಕ ಬಂದ ಬೀಗರಿದ್ದಂಗ. ಅವ್ರ ಮಾತು ಮುಗಿಯೂದ್ರಾಗ ನಾನ ಕಡದ್ರ ಮಾರಿ ಮ್ಯಾಲ ಬಾಗ್ಲ ಹಾಕಿದಂಗ ಆಗ್ತೈತಿ."

ಇದನ್ನು ಯಾವ ಪುಸ್ತಕವೂ ನನಗೆ ಕಲಿಸಿರಲಿಲ್ಲ. ನಮ್ಮ ಕಡೆ ಮನೆಗೆ ಬಂದವರು ತಾವಾಗಿ "ಬರ್ತೀನ್ರಿ" ಎನ್ನುವವರೆಗೆ ಯಾರೂ ಮಾತು ಮುಗಿಸುವುದಿಲ್ಲ, ಬಾಗಿಲಲ್ಲಿ ನಿಂತು ಮತ್ತೊಂದು ಸುತ್ತು ಮಾತಾಡುತ್ತಾರೆ. ಗೌಡರು ಅದನ್ನೇ ರೇಡಿಯೊಕ್ಕೂ ಹಚ್ಚಿದ್ದರು. ಬಹಳ ಯೋಚಿಸಿ ನಾನು ಹೇಳಿದೆ: "ಗೌಡ್ರ, ನೀವು ತಿಳಕಂಡಿದ್ದು ಉಲ್ಟಾ ಐತ್ರಿ. ಬಟನ್ ಒತ್ತಿದ್ರ ಬಾಗ್ಲ ಹಾಕಿದಂಗ. ಬಿಟ್ರ ಬಾಗ್ಲ ತಗದು ಬರ್ರಿ ಒಳಗ ಅಂದಂಗ." ಗೌಡರ ಮುಖ ಅರಳಿತು. "ಇದನ್ನ ಮೊದ್ಲ ಹೇಳಬಾರ್ದೇನೋ!" ಎಂದರು. ಅಂದಿನಿಂದ ಚಕಚಕನೆ ಬಿಡತೊಡಗಿದರು. ನಾನು ಗೆದ್ದೆನೆಂದು ಬೀಗಿದೆ.

ಪರೀಕ್ಷೆಯ ದಿನ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಮೇಡಂ ಎಡ ಸೀಟಿನಲ್ಲಿ, ನಾನು ಬಲ ಸೀಟಿನಲ್ಲಿ, ಚೀಲ ನನ್ನ ತೊಡೆಯ ಮೇಲೆ. ಜಾಲಿಗಿಡಗಳನ್ನು ಎಡಕ್ಕೆ ಬಿಟ್ಟುಕೊಂಡು ವಿಮಾನ ಓಡಿತು. ನಾನು ಕಣ್ಣು ಮುಚ್ಚಿದ್ದೆ. ನೆಲ ಬಿಡುವ ಹೊತ್ತಿಗೆ ಕೆಳಗಿನಿಂದ ಢಬ್ ಎಂದು ಒಂದು ಏಟು ಬಿತ್ತು. ಹಲ್ಲು ಕಟಕಟ ಅಂದವು. ಕಣ್ಣು ಬಿಟ್ಟರೆ ದೊಡ್ಡ ರೇಡಿಯೊದ ದೀಪ ಆರಿಹೋಗಿತ್ತು.

"ಏನದು ಸದ್ದು?" ಎಂದರು ಮೇಡಂ. ನನಗೇನು ಗೊತ್ತು? ವಿಮಾನ ಮೇಲೆ ಹೋದಾಗ ಇಂಥ ಸದ್ದು ಬರುವುದೇ ವಾಡಿಕೆಯೇನೋ ಎಂದುಕೊಂಡಿದ್ದೆ. ಅವರು ದೊಡ್ಡ ರೇಡಿಯೊದ ಗುಂಡಿಗಳನ್ನೆಲ್ಲ ಒತ್ತಿ ನೋಡಿದರು. ಅದು ಉಸಿರೆತ್ತಲಿಲ್ಲ. ಆಗ ನನ್ನ ಕಡೆ ತಿರುಗಿ, ಜಾತ್ರೆಯಲ್ಲಿ ಕಳೆದುಹೋದ ಮಗುವಿಗೆ ಬೆಂಡು ಬತ್ತಾಸು ಸಿಕ್ಕ ಹಾಗೆ ನಕ್ಕರು. "ಕೊಟ್ರೇಶ್, ನಿಮ್ಮ ಪರೀಕ್ಷೆ ನಿಜವಾಗಿ ಬಂತು ನೋಡಿ. ಜೋಡಿಸಿ!"

ಏರುವಾಗಿನ ಹೆದರಿಕೆ ಎಲ್ಲಿ ಹೋಯಿತೋ ಕಾಣೆ. ಕೈಗೆ ಕೆಲಸ ಸಿಕ್ಕಿದ್ದೇ ಮೈಯಲ್ಲಿ ಹುರುಪು ತುಂಬಿತು. ದೊಡ್ಡದರ ತುದಿ ಬಿಚ್ಚಿದೆ, ನನ್ನದು ಸಿಕ್ಕಿಸಿ ತಿರುವಿದೆ, ಟೇಪಿನ ಪಿನ್ನು ಟೇಪಿನ ತೂತಿಗೆ. ಕಿಟಕಿಯಲ್ಲಿ ಹಗರಿಬೊಮ್ಮನಹಳ್ಳಿಯಾಚೆ ತುಂಗಭದ್ರೆಯ ಹಿನ್ನೀರು ಬೆಳ್ಳಗೆ ಹೊಳೆಯುತ್ತಿತ್ತು. ನಾನು, ಮರ ಹತ್ತಲಾರದ ಕೊಟ್ರೇಶ, ಅದನ್ನು ನೋಡಿ ಹಲ್ಲು ಕಿರಿದೆ. ರೇಡಿಯೊ ಆನ್ ಮಾಡಿದೆ. ಇಬ್ಬರ ಕಿವಿಯಲ್ಲೂ ಗೌಡರ ದನಿ, ಪಕ್ಕದಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟ.

"ಮೇಡಮ್ಮಾರ, ಗಾಲಿ ಹೋಗೇತ್ರಿ! ಗಾಲಿ ಟೈರ್ ಹರದು ಜೋತಾಡಾಕತ್ತೈತಿ! ತುಂಡು ನಮ್ಮ ಕೈಯಾಗ ಐತ್ರಿ! ಕೇಳಸ್ತೈತ್ರಾ?"

ಮೇಡಂ ಬಟನ್ ಒತ್ತಿ, "ಕೇಳಿಸ್ತು ಗೌಡ್ರೇ. ಯಾವ ಗಾಲಿ? ಎಡವೋ ಬಲವೋ?" ಎಂದರು. ಬಿಟ್ಟರು. ಉತ್ತರವಿಲ್ಲ. ಕೇಳಿದ್ದು ಗೌಡರ ಏದುಸಿರು ಮಾತ್ರ. ಮತ್ತೆ ಕೇಳಿದರು. ಮತ್ತೆ ಏದುಸಿರು. ಆಮೇಲೆ ಗೌಡರು ಬೇರೆ ಯಾರಿಗೋ ಹೇಳಿದರು: "ಉಸರ ಇಲ್ರಿ ಹಾಲಪ್ಪಾರ."

ಮೇಡಂ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಗೌಡರು ಬಟನ್ ಬಿಟ್ಟಿಲ್ಲ!

ಯಾವ ಗಾಲಿ ಎಂದು ತಿಳಿಯುವುದು ನಮಗೆ ಜೀವನ್ಮರಣದ ಪ್ರಶ್ನೆ. ಗಾಳಿ ಹೋದ ಗಾಲಿ ನೆಲಕ್ಕೆ ತಾಗಿದರೆ ವಿಮಾನ ಆ ಕಡೆಗೇ ಎಳೆದುಕೊಂಡು ಹೋಗುತ್ತದೆ. ಪಟ್ಟಿಯ ಒಂದು ಪಕ್ಕ ಜಾಲಿಗಿಡ, ಇನ್ನೊಂದು ಪಕ್ಕ ಮೆತ್ತನೆಯ ಶೇಂಗಾ ಹೊಲ. ಯಾವ ತುದಿಯಿಂದ ಇಳಿದರೆ ಹೊಲಕ್ಕೆ ಹೋಗುತ್ತೇವೆ, ಯಾವ ತುದಿಯಿಂದ ಇಳಿದರೆ ಗಿಡಕ್ಕೆ ಗುದ್ದುತ್ತೇವೆ ಎಂಬುದು ಆ ಗಾಲಿಯ ಮೇಲೆ ನಿಂತಿತ್ತು. ನಮಗೆ ಕೂತಲ್ಲಿಂದ ಗಾಲಿ ಪೂರ್ತಿ ಕಾಣುತ್ತಿರಲಿಲ್ಲ. ಕೇಳಲು ಬಾಯಿಲ್ಲ, ಕೇಳಿಸಿಕೊಳ್ಳಲು ಮಾತ್ರ ಕಿವಿ.

ಆ ಕಿವಿಗೆ ಏನೇನು ಬಿತ್ತು ನೋಡಿ. ಮೊದಲು ಹಾಲಪ್ಪ ಸಾರ್.

"ಎಲ್ಲಿಂದ ಉಸ್ರು ಬರ್ತೈತೆ ಗೌಡ್ರೆ? ದೊಡ್ಡ ರೇಡಿಯೊ ಸತ್ತಿರ್ಬೇಕು. ಇನ್ನು ಆ ಕೊಟ್ರೇಶಿ ವೈರು! ಮದುವೆ ಚಪ್ಪರಕ್ಕೆ ಸೀರಿಯಲ್ ಸೆಟ್ ಕಟ್ಟಿದಂಗೆ ಕಟ್ಯಾನೆ. ಅದು ಕೆಲಸ ಮಾಡಿದ್ರೆ ನಾನು ಈ ನೌಕರಿ ಬಿಟ್ಟು ಮಂಡಕ್ಕಿ ಮಾರ್ತೀನಿ!"

ಮೇಡಂ ಫಕ್ಕನೆ ನಕ್ಕರು. ನನಗೂ ನಗು ಬಂತು. ಹರಿದ ಗಾಲಿಯ ವಿಮಾನದಲ್ಲಿ ಕೂತು, ನಮ್ಮ ಮೇಲಧಿಕಾರಿ ಬೈಯುವುದನ್ನು ಕೇಳಿ ನಾವಿಬ್ಬರೂ ಕಣ್ಣೀರು ಬರುವಂತೆ ನಕ್ಕೆವು. ಅಷ್ಟರಲ್ಲಿ ಗಂಗವ್ವನ ದನಿ.

"ಎಡಗಾಲಿ. ನಾ ಕಣ್ಣಾರೆ ನೋಡೀನಿ."

"ಬಲಗಾಲಿ" ಎಂದರು ಗೌಡರು.

"ಎಡಗಾಲಿ ಅಂದ್ರ ಎಡಗಾಲಿ!"

"ನೀ ಎತ್ತಾಗ ಮಾರಿ ಮಾಡಿ ನಿಂತಿದ್ದಿ?"

"ವಿಮಾನದ ಕಡಿ ಮಾರಿ ಮಾಡಿ ನಿಂತಿದ್ದೆ. ಮತ್ತೆ ಗ್ವಾಡಿ ಕಡಿ ನಿಲ್ತಾರೇನು?"

"ಅದು ನಿನ್ನ ಕಡಿ ಬರಾಕತ್ತಿತ್ತೋ, ನಿನ್ನ ಬಿಟ್ಟು ಹೊಂಟಿತ್ತೋ?"

ಗಂಗವ್ವ ಯೋಚನೆಗೆ ಬಿದ್ದಳು. ಮೇಡಂ ನಗು ನಿಲ್ಲಿಸಿ ಹೆಡ್‌ಸೆಟ್ಟನ್ನು ಕಿವಿಗೆ ಒತ್ತಿಕೊಂಡರು. ನಾನು ರೇಡಿಯೊಕ್ಕೆ ಕೈ ಮುಗಿಯುವುದೊಂದು ಬಾಕಿ. ಗೌಡರೇ ದಾರಿ ತೆಗೆದರು.

"ತಡಿ. ಎಡ ಬಲ ಬಿಡು. ಬಂಡಿ ಹೊಡ್ಯಾವ್ರು ಕುಂತಂಗ ಮೇಡಮ್ಮಾರು ಕುಂತಾರ ಅನ್ಕೋ. ಹರದಿದ್ದು ಜಾಲಿಗಿಡದ ಕಡಿ ಗಾಲಿನೋ, ಶೇಂಗಾ ಹೊಲದ ಕಡಿ ಗಾಲಿನೋ?"

"ಜಾಲಿ ಕಡಿದು. ಆ ಮುಳ್ಳ ಹೊಡದಿರಬೇಕು."

"ಹೌದು, ಜಾಲಿ ಕಡಿದ. ಹೋಗಾಗ ಮೇಡಮ್ಮಾರ ಎಡಗೈಗೆ ಜಾಲಿ ಇತ್ತು. ಎಡಗಾಲಿ. ನಿಂದ ಖರೆ ಬಿಡು."

"ಎಡಗಾಲಿ!" ಎಂದು ವಿಮಾನದಲ್ಲಿ ಮೇಡಂ ಕೂಗಿದರು. "ಹಾಗಾದರೆ ಆ ಕಡೆ ತುದಿಯಿಂದ ಇಳಿಯೋಣ. ಆಗ ಎಡಕ್ಕೆ ಶೇಂಗಾ." ವಿಮಾನವನ್ನು ದೊಡ್ಡ ಸುತ್ತು ತಿರುಗಿಸಿದರು. ಎದುರಿನ ತುದಿಯಿಂದ ಇಳಿಯಲು ಬರುತ್ತಿರುವುದು ಕೆಳಗೆ ಕಂಡಿರಬೇಕು. ಕಿವಿಯಲ್ಲಿ ಹಾಲಪ್ಪ ಸಾರ್ ದನಿ ಬಿರಿಯಿತು. "ಎತ್ತಾಗಿಂದ ಬರ್ತಾರಪ್ಪಾ ಇವ್ರು! ಅವ್ರಿಗೆ ಗಾಲಿ ಹೋಗಿದ್ದೇ ಗೊತ್ತಿಲ್ವಲ್ರೀ!"

ನೆಲ ನಮ್ಮ ಕಡೆಗೆ ಬರುತ್ತಿತ್ತು. ಆಗ ಕೇಳಿತು. ಆ ದನಿ ಯಾರದೆಂದು ಮೊದಲು ನನಗೆ ಗುರುತೇ ಹತ್ತಲಿಲ್ಲ. ಬೈಗುಳವಿಲ್ಲದ ಆ ದನಿಯನ್ನು ನಾನು ಎಂದೂ ಕೇಳಿರಲಿಲ್ಲ.

"ಮೈಲಾರಪ್ಪಾ... ನಮ್ಮಪ್ಪ ನಿನಗೆ ನಡ್ಕಂತಿದ್ದ, ನಾನು ಬಿಟ್ಟೆ. ನನ್ನ ಮೇಲಿನ ಸಿಟ್ಟು ಅವ್ರ ಮೇಲೆ ತೀರಿಸ್ಕಬ್ಯಾಡಪ್ಪಾ. ಇಬ್ರನ್ನೂ ಇಳಿಸು. ಆ ಹುಡುಗನ್ನ ನಾನೇ ಕಳಿಸೀನಿ. ದೋಣಿ ತುಂಬುಸ್ತೀನಿ. ನಡ್ಕಂಡು ಬಂದು ದೋಣಿ ತುಂಬುಸ್ತೀನಪ್ಪಾ."

ಮೇಡಂ ನನ್ನ ಕಡೆ ನೋಡಲಿಲ್ಲ, ನಾನೂ ಅವರ ಕಡೆ ನೋಡಲಿಲ್ಲ. ಅವರು ಎಂಜಿನ್ ನಿಲ್ಲಿಸಿದರು. ಬಲಗಾಲಿ ಮೊದಲು ಮುಟ್ಟಿತು. ಎಡದ್ದನ್ನು ಎಷ್ಟು ಹೊತ್ತು ಎತ್ತಿ ಹಿಡಿಯಬಹುದೋ ಅಷ್ಟು ಹೊತ್ತು ಎತ್ತಿ ಹಿಡಿದರು. ಅದು ಇಳಿದದ್ದೇ ವಿಮಾನ ಎಡಕ್ಕೆ ಎಳೆದು ಶೇಂಗಾ ಹೊಲಕ್ಕೆ ನುಗ್ಗಿ, ಬಳ್ಳಿ ಮಣ್ಣು ಕಾಯಿ ಎಲ್ಲ ಗಾಜಿಗೆ ಎರಚಿಕೊಂಡು, ಒಂದು ಕಡೆ ವಾಲಿ ನಿಂತುಬಿಟ್ಟಿತು. ಇಬ್ಬರಿಗೂ ತರಚಿದ ಗಾಯವೂ ಇಲ್ಲ. ಮೇಡಂ ಬಾಗಿಲು ತೆಗೆದು, ಒಂದು ಶೇಂಗಾ ಗಿಡ ಕಿತ್ತು, ಎರಡು ಕಾಯಿ ಸುಲಿದು ನನಗೆ ಕೊಟ್ಟರು. ಹಸಿ ಶೇಂಗಾಕ್ಕೆ ಅಷ್ಟು ರುಚಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಎಲ್ಲರೂ ಓಡಿ ಬಂದರು. ಎಲ್ಲರಿಗಿಂತ ಮುಂದೆ ಗೌಡರು. ಆಂಟೆನಾದ ವೈರನ್ನು ಗಳದಿಂದ ಕಿತ್ತುಕೊಂಡೇ ಓಡಿ ಬಂದಿದ್ದರು, ಅದು ಹಿಂದೆ ಬಾಲದ ಹಾಗೆ ಎಳೆದುಕೊಂಡು ಬರುತ್ತಿತ್ತು. ರೇಡಿಯೊವನ್ನು ಎದೆಗವಚಿಕೊಂಡಿದ್ದರು, ಹೆಬ್ಬೆರಳು ಬಟನ್ನಿನ ಮೇಲೇ. ನಾನು ಮೆಲ್ಲಗೆ, "ಇನ್ನರ ಬಿಡ್ರಿ ಗೌಡ್ರ" ಎಂದೆ.

"ಹೆಂಗ ಬಿಡ್ಲೋ ತಮ್ಮಾ?" ಎಂದರು, ಕಣ್ಣು ತುಂಬಿತ್ತು. "ನೀ ಹೇಳಿಕೊಟ್ಟಿದ್ದೆಲ್ಲ ನೆನಪ ಇತ್ತು. ಆದ್ರ ಅಂಥಾ ಹೊತ್ತಿನಾಗ ಬಿಟ್ರ ನಿಮ್ಮ ಕೈ ಬಿಟ್ಟಂಗ ಅನಿಸ್ತಿತ್ತು."

ಹಾಲಪ್ಪ ಸಾರ್ ಬರುವಷ್ಟರಲ್ಲಿ ನಾನು ಆ ರೇಡಿಯೊವನ್ನು ಇಸಕೊಂಡು ಆಫ್ ಮಾಡಿದೆ. ಅವರು ಬಂದವರೇ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. ಗಾಲಿ ನೋಡಿದರು. "ಎಡಗಾಲಿ ಅಂತ ಹೆಂಗೆ ಗೊತ್ತಾತು ಮೇಡಂ?" ಎಂದರು. ಮೇಡಂ, "ಏರುವಾಗಲೇ ಎಡಕ್ಕೆ ಎಳೀತಿತ್ತು ಸಾರ್" ಎಂದು ಸುಳ್ಳು ಹೇಳಿದರು. ಹಾಲಪ್ಪ ಸಾರ್ ನನ್ನ ಕಡೆ ತಿರುಗಿದರು. ದನಿ ಹಳೆಯ ಜಾಗಕ್ಕೆ ಬಂದಿತ್ತು.

"ಒಂದು ಮಾತು ಕೆಳಗೆ ಬರ್ಲಿಲ್ಲ. ಒಂದು ಪಿಟ್ಟಿಲ್ಲ! ಇದೇನಲೇ ನಿನ್ನ ವೈರು? ಸೋಮವಾರ ಕಿತ್ತು ಹಾಕು. ಗೋದಾಮಿಗೆ ಹೋಗಾಕೆ ಗಂಟು ಕಟ್ಟು."

ನಾನು ಬಾಯಿ ತೆರೆದೆ. ವೈರು ಕೆಲಸ ಮಾಡಿದೆ ಎನ್ನಬೇಕಾದರೆ ಏನು ಕೇಳಿತು ಎಂದೂ ಹೇಳಬೇಕು. ಊದಿನಕಡ್ಡಿಯನ್ನೂ ಹಚ್ಚಗೊಡದ ಆ ಮನುಷ್ಯನ ಬೇಡಿಕೆಯನ್ನು, ಶೆಡ್ಡಿನವರೆಲ್ಲ ಎದುರಿಗಿರುವಾಗ, ಹೇಗೆ ಹೇಳುವುದು? ಅವರು ಅದನ್ನು ನಮಗೆಂದು ಹೇಳಿರಲಿಲ್ಲ. "ಆತ್ರಿ ಸಾರ್" ಎಂದು ಬಾಯಿ ಮುಚ್ಚಿದೆ. ಗೋದಾಮಿನ ಧೂಳು ಆಗಲೇ ಮೂಗಿಗೆ ಬಡಿಯಿತು. ಮೇಡಂ ಹಿಂದಿನಿಂದ ನನ್ನ ಬೆನ್ನಿಗೆ ಗುದ್ದಿದರು. ಸಂಜೆ ಶೆಡ್ಡಿನ ಹಿಂದೆ ಕರೆದು, "ನೀವು ಹೇಳ್ತೀರೋ ನಾನು ಹೇಳಲೋ?" ಎಂದರು. "ಬ್ಯಾಡ್ರಿ ಮೇಡಂ, ಅವ್ರ ಮಾನ ಹೋಗ್ತೈತಿ" ಎಂದೆ. "ನಿಮ್ಮ ಕೆಲಸ ಹೋಗ್ತಿದೆಯಲ್ರೀ!" ಎಂದು ಹಣೆ ಚಚ್ಚಿಕೊಂಡರು.

ಶನಿವಾರ ಸಂಜೆ ಹಾಲಪ್ಪ ಸಾರ್, ಹಡಗಲಿಯಲ್ಲಿ ಯಾವುದೋ ಬೋಲ್ಟು ನೋಡಬೇಕು ಎಂದು ಹೇಳಿ ಬಸ್ಸಿಗೆ ಹೊರಟರು. ಬೋಲ್ಟು ನೋಡಲು ಹೋಗುವವರ ಚೀಲದಲ್ಲಿ ಬಿಳಿ ಪಂಚೆ, ಬೆಲ್ಲದ ಅಚ್ಚು, ತುಪ್ಪದ ಡಬ್ಬಿ ಯಾಕಿರುತ್ತವೆ? ಚೀಲ ಕಟ್ಟಿಕೊಟ್ಟ ಗಂಗವ್ವ ನಮಗೆ ಕಣ್ಣಲ್ಲೇ ಹೇಳಿದಳು. ಭಾನುವಾರ ಬೆಳಿಗ್ಗೆ ಮೇಡಂ ಕಂಪನಿಯ ಜೀಪು ತೆಗೆದರು. "ಹತ್ತಿ. ನಮ್ಮಿಬ್ಬರ ಹೆಸರಿನ ಊಟ, ನಾವೇ ಇಲ್ಲದಿದ್ದರೆ ಹೇಗೆ?"

ಹಡಗಲಿ ದಾಟಿ ಮೈಲಾರದ ದಾರಿಯಲ್ಲಿ ಅವರು ಸಿಕ್ಕಲಿಲ್ಲ. ಆಗಲೇ ನಡೆದು ಮುಟ್ಟಿದ್ದರು. ಗುಡಿಯ ಮುಂದೆ ಕಂಡರು. ಪಂಚೆ ಉಟ್ಟಿದ್ದರು, ಬರಿಗಾಲು, ಹಣೆ ತುಂಬ ಭಂಡಾರದ ಅರಿಶಿನ. ಎದುರಿಗೆ ಕರಿ ಕಂಬಳಿ ಹೊದ್ದ ಗೊರವಯ್ಯಗಳು. ನಡುವೆ ದೋಣಿ, ಅಂದರೆ ಅಗಲ ಬಾಯಿಯ ಪಾತ್ರೆ. ಹರಕೆ ಹೊತ್ತವರು ಅದನ್ನು ಹಾಲು, ತುಪ್ಪ, ಬೆಲ್ಲ, ಬಾಳೆಹಣ್ಣಿನಿಂದ ತುಂಬಿಸುತ್ತಾರೆ, ಗೊರವಯ್ಯಗಳು ಮೈಲಾರಲಿಂಗನ ನಾಯಿಗಳಾಗಿ ಬಾಗಿ ಅದನ್ನು ಉಣ್ಣುತ್ತಾರೆ. ನಮ್ಮ ಮುಖ್ಯ ಎಂಜಿನಿಯರ್, ಇಂಚಿನ ಸಾವಿರದ ಒಂದು ಭಾಗ ಅಳೆಯುವ ಕೈಯಿಂದ, ಬಾಳೆಹಣ್ಣು ಸುಲಿದು ಕಿವುಚಿ ಹಾಕುತ್ತಿದ್ದರು. ತಲೆ ಎತ್ತಿದರು. ನಾವು ಕಂಡೆವು. ಕೈಯಲ್ಲಿದ್ದ ಹಣ್ಣು ಕೈಯಲ್ಲೇ ಉಳಿಯಿತು.

"ನಿಮಗ್ಯಾರು ಹೇಳಿದ್ರು?"

"ನೀವೇ ಸಾರ್" ಎಂದರು ಮೇಡಂ.

"ನಾನಾ? ಯಾವಾಗ?"

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ನಾನು ತಲೆ ತಗ್ಗಿಸಿ ಹೇಳಿದೆ. "ಗೌಡ್ರು ಬಟನ್ ಬಿಟ್ಟಿರಲಿಲ್ರಿ ಸಾರ್. ನಮಗ ಎಲ್ಲಾ ಕೇಳಿಸ್ತು. ಯಾವ ಗಾಲಿ ಅಂಬೂದೂ ಅದರಾಗ ಗೊತ್ತಾತು."

ಹಾಲಪ್ಪ ಸಾರ್ ಮುಖದಲ್ಲಿ ಏನೇನೋ ಬಂದು ಹೋದವು. ತುಟಿ ಅಲ್ಲಾಡುತ್ತಿತ್ತು. ಆವತ್ತು ಏನೇನು ಅಂದಿದ್ದೆ ಎಂದು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಿದ್ದರೆಂದು ಕಾಣುತ್ತದೆ. "ಎಲ್ಲಾ ಅಂದ್ರೆ... ಸೀರಿಯಲ್ ಸೆಟ್ ಅಂದಿದ್ದು?"

"ಕೇಳಿಸ್ತ್ರಿ."

"ಮಂಡಕ್ಕಿ?"

"ಅಂಗಡಿ ಯಾವಾಗ ಸಾರ್?" ಎಂದರು ಮೇಡಂ. ನಗು ತಡೆಯಲಾಗದೆ ಸೆರಗು ಇಲ್ಲದ್ದಕ್ಕೆ ಕೈಯಿಂದಲೇ ಬಾಯಿ ಮುಚ್ಚಿಕೊಂಡರು. ಒಬ್ಬ ಗೊರವಯ್ಯ, ಏನೂ ತಿಳಿಯದಿದ್ದರೂ ನಗು ಅಂಟಿ, ಡಮರುಗ ಬಾರಿಸಿಬಿಟ್ಟ.

ಹಾಲಪ್ಪ ಸಾರ್ ನಗಲಿಲ್ಲ. ನನ್ನ ಹತ್ತಿರ ಬಂದರು. ಬೈಯುತ್ತಾರೆಂದು ನಾನು ಅಣಿಯಾದೆ. "ಕೆಲಸ ಮಾಡೈತೆ ಅಂತ ಗೊತ್ತಿದ್ದೂ ಗೋದಾಮಿಗೆ ಹೊಂಟಿದ್ದೇನಲೇ?" ಎಂದರು.

ಅವರು ಕೆಳಗಿದ್ದ ಹಾಲಿನ ಕೊಡವನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಭಂಡಾರದ ಕೈಯಿಂದ ನನ್ನ ಹಣೆಗೆ ದೊಡ್ಡದಾಗಿ ಬಳಿದರು, ಅರ್ಧ ಕಣ್ಣಿಗೇ ಬಿತ್ತು.

"ಇದು ನಿಮ್ಮಿಬ್ರ ಜೀವಕ್ಕೆ ಹೇಳ್ಕಂಡ ದೋಣಿ. ನಿನ್ನ ವೈರ್ ಸಲುವಾಗಿ ನಾನು ಯಾವ ದೇವ್ರಿಗೂ ಏನೂ ಹೇಳ್ಕಂಡಿರಲಿಲ್ಲ ಕೊಟ್ರೇಶಿ. ಅದು ತಾನೇ ಕೆಲಸ ಮಾಡೈತೆ. ಹ್ಞೂಂ, ಹಾಲು ಹಾಕು."

ನಾನು ಹಾಲು ಸುರಿದೆ. ಕಣ್ಣು ಉರಿಯುತ್ತಿತ್ತು, ಭಂಡಾರ ಬಿದ್ದದ್ದಕ್ಕೆ ಎಂದು ಹೇಳಿದೆ. ಅವರು ನಂಬಿದ ಹಾಗೆ ಮಾಡಿದರು.